ಸ್ಪ್ಯಾನರನ್ನು ಎಲ್ಲಿ ಹಿಡಿಯಬೇಕು

ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಯಾವ ವಸ್ತುವಿಗಾದರೂ ಎರಡೇ ಪರೀಕ್ಷೆ: ಮೊದಲು ಆಯಸ್ಕಾಂತ, ಆಮೇಲೆ ತಕ್ಕಡಿ. ಅಂಟಿಕೊಂಡರೆ ಕಬ್ಬಿಣದ ರಾಶಿ, ಅಂಟದಿದ್ದರೆ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಅಂತ ಬೇರೆ ಬೇರೆ ಮೂಲೆ. ನಾನು ಹೋದ ದಿನ ಮೂರನೆಯದೊಂದು ಪರೀಕ್ಷೆ ಸೇರಿಕೊಳ್ಳುತ್ತದೆ. ತುದಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ ಬಿದಿರುಕಡ್ಡಿ, ಒಂದು ಮೊಳ ದಾರ, ಇವೆರಡೂ ಸದಾ ನನ್ನ ಚೀಲದಲ್ಲಿರುತ್ತವೆ. ರಾಶಿಯಿಂದ ಏನಾದರೂ ಎಳೆದು, ದಾರಕ್ಕೆ ನೇತುಹಾಕಿ, ಮೆಲ್ಲಗೆ ಒಂದೇಟು. "ಮೇಡಂ ಬಂದ್ರು, ಇನ್ನ ಒಂದು ತಾಸು ಫೋನ್ ಹಚ್ಚಂಗಿಲ್ಲ" ಎಂದು ಅಂಗಡಿಯವರು ರೇಗಿಸುತ್ತಾರೆ. ಹಾಗೆ ರೇಗಿಸುವವರ ಕಿವಿಯೇನೂ ಮಂದವಲ್ಲ. ತಟ್ಟೆಯೊಂದು ಕಂಚೋ ಹಿತ್ತಾಳೆಯೋ ಅನ್ನುವ ಅನುಮಾನ ಬಂದಾಗ ಅವರೂ ಬೆರಳ ಗಂಟಿನಿಂದ ಬಡಿದೇ ತೀರ್ಮಾನ ಮಾಡುವುದು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ನೂರಕ್ಕೆ 22ರಷ್ಟು ತವರ ಸೇರಿದ ಗಂಟೆಯ ಕಂಚು ಕಂಪನವನ್ನು ತನ್ನೊಳಗೇ ನುಂಗಿಕೊಳ್ಳುವುದು ಬಹಳ ಕಡಿಮೆ. ಅದಕ್ಕೇ ಏಟು ಬಿದ್ದ ಮೇಲೂ ಮೊಳಗುತ್ತಲೇ ಇರುತ್ತದೆ. ಕಂಚಿಗೆ ಅವರು ಹೇಳುವ ಬೆಲೆ ಕೇಳಿ ನಾನು ಸಾಮಾನ್ಯವಾಗಿ ಕಬ್ಬಿಣದ ರಾಶಿಗೇ ವಾಪಸಾಗುತ್ತೇನೆ.

ಹೀಗೆ ತಂದ ಸಾಮಾನಿನಿಂದ ವಾದ್ಯ ಮಾಡುತ್ತೇನೆ, ಕೆಲವೊಮ್ಮೆ ವಾದ್ಯ ಎನ್ನಲಾಗದ, ಬರೀ ಸದ್ದು ಮಾಡುವ ಜೋಡಣೆಗಳನ್ನು ಮಾಡುತ್ತೇನೆ. ನೋಡಿದವರು ತಕ್ಷಣ "ಕಸದಿಂದ ರಸ" ಎಂದು ಬೆನ್ನು ತಟ್ಟುತ್ತಾರೆ. ಈ ಮೆಚ್ಚುಗೆ ನನಗೆ ದಕ್ಕುವುದಿಲ್ಲ. ಗುಜರಿಗೆ ಬಂದ ಕಬ್ಬಿಣ ಕಸವೇ ಅಲ್ಲ. ಅದು ಲಾರಿ ಹತ್ತಿ ಕುಲುಮೆಗೆ ಹೋಗಿ ಸರಳಾಗಿಯೋ ತೊಲೆಯಾಗಿಯೋ ಮತ್ತೆ ಕೆಲಸಕ್ಕೆ ಬರುತ್ತದೆ. ಆ ದಾರಿಯಿಂದ ನಾಲ್ಕು ಕಿಲೋ ತಪ್ಪಿಸಿ ಮನೆಯ ಅಟ್ಟದಲ್ಲಿ ಇಡುವವಳು ನಾನು. ಪರಿಸರದ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ನನ್ನನ್ನು ಎಳೆದದ್ದು ಬೇರೆಯೇ ಒಂದು ಕುತೂಹಲ: ಇಷ್ಟೊಂದು ವಸ್ತುಗಳು ನಮ್ಮ ಕೈಯಲ್ಲಿ ಓಡಾಡುತ್ತಿದ್ದರೂ ಅವುಗಳ ದನಿ ನಮಗೆ ಯಾಕೆ ಗೊತ್ತಿಲ್ಲ?

ಉತ್ತರ ಬಹುಮಟ್ಟಿಗೆ ನಮ್ಮ ಹಿಡಿತದಲ್ಲೇ ಇದೆ. ಒಂದು ಉದ್ದನೆಯ ಸ್ಪ್ಯಾನರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಡಿಯಿರಿ, "ಟಕ್" ಅಂದು ಸುಮ್ಮನಾಗುತ್ತದೆ. ಅದೇ ಸ್ಪ್ಯಾನರನ್ನು ಸರಿಯಾದ ಜಾಗದಲ್ಲಿ ದಾರಕ್ಕೆ ತೂಗುಬಿಟ್ಟು ನಡುವೆ ಬಡಿದರೆ ಗುಡಿಯ ಗಂಟೆಯೊಂದು ಮನೆಗೆ ಬಂದಂತೆ ಮೊಳಗುತ್ತದೆ. ಎರಡೂ ತುದಿ ಬಿಡುವಾಗಿರುವ ಕಂಬಿ ಬಡಿತಕ್ಕೆ ಬಿಲ್ಲಿನ ಹಾಗೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ನಡುಭಾಗ ಏರಿದಾಗ ತುದಿಗಳು ಇಳಿಯುತ್ತವೆ, ತುದಿಗಳು ಏರಿದಾಗ ನಡು ಇಳಿಯುತ್ತದೆ. ಈ ಏರಿಳಿತದ ನಡುವೆ ಎರಡು ಬಿಂದುಗಳು ಮಾತ್ರ ಅಲುಗದೆ ನಿಂತಿರುತ್ತವೆ. ಒಂದೇ ಸಮ ದಪ್ಪದ ಕಂಬಿಯಲ್ಲಿ ಇವು ಎರಡೂ ತುದಿಗಳಿಂದ ಒಟ್ಟು ಉದ್ದದ ನೂರಕ್ಕೆ 22.4ರಷ್ಟು ಒಳಗೆ ಇರುತ್ತವೆ. 40 ಸೆಂಟಿಮೀಟರಿನ ಕಂಬಿಯಾದರೆ ಆ ತುದಿಯಿಂದ ಒಂಬತ್ತು, ಈ ತುದಿಯಿಂದ ಒಂಬತ್ತು. ಅಲ್ಲಿ ಹಿಡಿದರೆ ಕಂಪನಕ್ಕೆ ಅಡ್ಡಿಯಿಲ್ಲ. ಬೇರೆಲ್ಲಿ ಹಿಡಿದರೂ ನಿಮ್ಮ ಬೆರಳಿನ ಮಾಂಸ ಅದನ್ನು ಕುಡಿದುಬಿಡುತ್ತದೆ. ಸ್ಪ್ಯಾನರಿನಂತೆ ತುದಿ ಭಾರವಾಗಿರುವ ವಸ್ತುವಿನಲ್ಲಿ ಬಿಂದುಗಳು ಇನ್ನಷ್ಟು ತುದಿಯತ್ತ ಸರಿಯುತ್ತವೆ, ಅಳತೆಪಟ್ಟಿ ಅಲ್ಲಿ ಪೂರ್ತಿ ಸಾಲದು.

ಸಾಲದಿದ್ದರೆ ಅಡುಗೆಮನೆಯ ರವೆ ಇದೆ. ಅಗಲವಾದ ಪಟ್ಟಿಯೊಂದನ್ನು ಎರಡು ಹಗ್ಗದ ತುಂಡುಗಳ ಮೇಲಿಟ್ಟು ಮೇಲೆ ತೆಳ್ಳಗೆ ರವೆ ಉದುರಿಸಿ ನಡುವೆ ಮೆತ್ತಗೆ ಬಡಿಯುತ್ತ ಹೋಗಿ. ಕಾಳುಗಳು ಅಲುಗುವ ಜಾಗದಿಂದ ಜಿಗಿಯುತ್ತ ಜಿಗಿಯುತ್ತ ಅಲುಗದ ಜಾಗಕ್ಕೆ ಬಂದು ಸಾಲುಗಟ್ಟುತ್ತವೆ. ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಲೋಹದ ತಗಡಿನ ಅಂಚಿಗೆ ಪಿಟೀಲಿನ ಕಮಾನು ಎಳೆದು ಮರಳಿನಲ್ಲಿ ಇಂಥ ಚಿತ್ರಗಳನ್ನೇ ಮೂಡಿಸಿದ್ದ. ಚಿರೋಟಿ ರವೆ ತೀರಾ ಹಗುರ, ಹಾರಿಹೋಗುತ್ತದೆ. ಉಪ್ಪಿಟ್ಟಿನ ರವೆಯೇ ವಾಸಿ. ಮಂಡಕ್ಕಿ ಹಾಕಿ ನೋಡಿ ಎಂದು ನಮ್ಮೂರಿನವರಿಗೆ ಹೇಳಬೇಕಿಲ್ಲ, ಎಲ್ಲರೂ ಮೊದಲು ಅದನ್ನೇ ಹಾಕುತ್ತಾರೆ. ಅದು ಕುಣಿಯುತ್ತದೆ, ಸಾಲುಗಟ್ಟುವುದಿಲ್ಲ.

ಕಂಬಿ ಕತ್ತರಿಸುವವರು ತಿಳಿದಿರಬೇಕಾದ ಇನ್ನೊಂದು ಲೆಕ್ಕ ಇದೆ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಸ್ವರ ಮೇಲಿನ ಸ್ಥಾಯಿಗೆ ಹೋಗುತ್ತದೆ ಎನ್ನುವುದು ವೀಣೆ ಕಲಿತ ಮಕ್ಕಳಿಗೂ ಗೊತ್ತು. ಕಂಬಿಯಲ್ಲಿ ಹಾಗಲ್ಲ. ಅದರ ಕಂಪನ ಉದ್ದದ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ ಅರ್ಧಕ್ಕೆ ಕತ್ತರಿಸಿದರೆ ಸ್ವರ ಎರಡು ಸ್ಥಾಯಿ ಮೇಲೇರುತ್ತದೆ. ಒಂದೇ ಸ್ಥಾಯಿ ಸಾಕಿದ್ದರೆ 40 ಸೆಂಟಿಮೀಟರಿನದನ್ನು 28.3ಕ್ಕೆ ನಿಲ್ಲಿಸಬೇಕು. ಕಂಬಿಯ ಅಗಲ ಎಷ್ಟಿದ್ದರೂ ಸ್ವರ ಅಷ್ಟೇ. ದಪ್ಪ ಹೆಚ್ಚಾದರೆ ಮಾತ್ರ ಏರುತ್ತದೆ. ಕತ್ತರಿಸಿದ್ದು ತುಸು ಏರಿದ್ದರೆ ನಡುಭಾಗದ ಅಡಿಯನ್ನು ಅರದಿಂದ ಉಜ್ಜಿ ಇಳಿಸಬಹುದು, ಇಳಿದಿದ್ದರೆ ತುದಿಗಳನ್ನು ಉಜ್ಜಿ ಏರಿಸಬಹುದು.

ಶ್ರುತಿ ಮಾಡಬೇಕೋ ಬೇಡವೋ ಎನ್ನುವುದು ನನ್ನ ಮತ್ತು ನಮ್ಮ ಓಣಿಯ ಭಜನೆ ಮಂಡಳಿಯ ನಡುವಿನ ಹಳೆಯ ಜಗಳ. ಹಾರ್ಮೋನಿಯಂ ನುಡಿಸುವವರು ನನ್ನ ಕಂಬಿಗಳನ್ನು ಕೇಳಿ, ಸ್ವರ ಸರಿಯಾಗಿದೆ, ಆದರೂ ಎಲ್ಲೋ ಕಚ್ಚುತ್ತದೆ ಎನ್ನುತ್ತಾರೆ. ಅವರ ಕಿವಿ ಹೇಳುತ್ತಿರುವುದು ಸತ್ಯ. ತಂತಿಯಿಂದಾಗಲಿ ಕೊಳಲಿನಿಂದಾಗಲಿ ಮೂಲ ಸ್ವರದ ಜೊತೆಗೇ ಸಣ್ಣಗೆ ಹೊರಡುವ ಉಪಸ್ವರಗಳು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕಂಬಿಯ ಉಪಸ್ವರಗಳು 2.76, 5.40 ಎಂದು ಯಾವ ಸಾಲಿಗೂ ಸೇರದೆ ನಿಂತಿರುತ್ತವೆ. ತಂಬೂರಿಯ ಪಕ್ಕ ಇಟ್ಟರೆ ಷಡ್ಜ ಕೂಡುತ್ತದೆ, ಅದರ ಬೆನ್ನಿಗೆ ಬಂದದ್ದು ಕೂಡುವುದಿಲ್ಲ. ಮೆತ್ತನೆಯ ಕೋಲಿನಿಂದ ಬಡಿದರೆ ಉಪಸ್ವರಗಳು ಹಿಂದೆ ಸರಿದು ಮೂಲಸ್ವರ ಮುಂದಾಗುತ್ತದೆ. ಭಜನೆಗೆ ಹೋಗುವಾಗ ಹಾಗಾಗಿ ದಪ್ಪ ರಬ್ಬರಿನ ಕೋಲು ಒಯ್ಯುತ್ತೇನೆ. ಮನೆಯಲ್ಲಿ ಮಾತ್ರ ಬರೀ ಬಿದಿರು.

ನನ್ನ ಒಲವು ಯಾವ ಕಡೆಗೆ ಎಂದು ಇಷ್ಟರಲ್ಲಿ ಗೊತ್ತಾಗಿರುತ್ತದೆ. ಪರಾಗ್ವೆಯ ರಾಜಧಾನಿಯ ಪಕ್ಕ ಕಾತೆಉರಾ ಎಂಬ ಕಸದ ದಿಬ್ಬವಿದೆ. ಅಲ್ಲಿನ ಮಕ್ಕಳಿಗಾಗಿ ಫಾವಿಯೋ ಚಾವೆಸ್ ಕಟ್ಟಿದ ವಾದ್ಯವೃಂದದಲ್ಲಿ ಎಣ್ಣೆಡಬ್ಬದಿಂದ ಮಾಡಿದ ಪಿಟೀಲು, ಚೆಲ್ಲೋಗಳಿವೆ. ಆ ಮಕ್ಕಳಿಗೆ ಬೇಕಾದದ್ದು ಪಿಟೀಲು, ಕೊಳ್ಳಲು ಆಗದಿದ್ದರಿಂದ ಮಾಡಿಕೊಂಡರು. ಅದನ್ನು ಕಂಡರೆ ತಲೆ ಬಾಗುತ್ತದೆ. ನನ್ನ ಕಿವಿ ಹೋಗುವುದು ಮಾತ್ರ ಹ್ಯಾರಿ ಪಾರ್ಚ್‌ನ ದಾರಿಯಲ್ಲಿ. ಒಂದು ಸ್ಥಾಯಿಯನ್ನು 43 ಭಾಗ ಮಾಡಿ ಹಾಡಿದ ಈ ಅಮೆರಿಕನ್ ಸಂಗೀತ ಸಂಯೋಜಕನಿಗೆ ಬರ್ಕ್ಲಿಯ ವಿಕಿರಣ ಪ್ರಯೋಗಾಲಯದಲ್ಲಿ ಬೇಡವಾದ ದೊಡ್ಡ ಗಾಜಿನ ಬುರುಡೆಗಳು ಸಿಕ್ಕವು. ಅವನ್ನು ಕತ್ತರಿಸಿ ಚೌಕಟ್ಟಿಗೆ ತೂಗುಹಾಕಿ ನುಡಿಸಿದ. ಗಾಜು ಕೊಟ್ಟ ಸ್ವರವನ್ನೇ ಅವನು ತೆಗೆದುಕೊಂಡ. ಒಂದು ಒಡೆದರೆ ಅದೇ ಸ್ವರದ ಇನ್ನೊಂದು ಸಿಗುವ ಭರವಸೆಯಿಲ್ಲ. ಅಂಥ ವಾದ್ಯವನ್ನು ಮೃದಂಗದಂತೆ ಮಳಿಗೆಯಲ್ಲಿ ಮಾರಲಾಗದು, ಪಾಠ ಹೇಳಲೂ ಆಗದು. ಅದರ ಈ ನಿರುಪಯೋಗಿತನ ನನಗಿಷ್ಟ.

ಪಿ.ಬಿ. ರಸ್ತೆಯ ಲಾರಿ ಗ್ಯಾರೇಜುಗಳಿಗೆ ಬರೋಣ. ಅಲ್ಲಿ ಸವೆದ ಬ್ರೇಕ್ ಡ್ರಮ್ಮುಗಳು ಬೇಲಿಯಂತೆ ಪೇರಿಸಿರುತ್ತವೆ. ಬ್ರೇಕ್ ಡ್ರಮ್ ಎರಕದ ಕಬ್ಬಿಣ. ಅದರೊಳಗೆ ಗ್ರಾಫೈಟಿನ ತೆಳು ಪದರಗಳಿದ್ದು ಕಂಪನವನ್ನು ಅಲ್ಲಲ್ಲೇ ಕೊಲ್ಲುತ್ತವೆ. ಇದೇ ಗುಣಕ್ಕಾಗಿಯೇ ಲೇತ್ ಯಂತ್ರದ ಹಾಸನ್ನು ಎರಕದ ಕಬ್ಬಿಣದಲ್ಲಿ ಮಾಡುವುದು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಲೇತ್ ಅದುರಿದರೆ ಕೊರೆದದ್ದು ಹಾಳು, ಅದುರದ ಲೋಹವೇ ಬೇಕು ಎಂದು ಅವರು ಯಾರನ್ನಾದರೂ ಕೂರಿಸಿ ಪಾಠ ಮಾಡಬಲ್ಲರು. ಹಾಗಾದರೆ ಬ್ರೇಕ್ ಡ್ರಮ್ ಮೊಳಗುವುದು ಹೇಗೆ? ಆಕಾರದ ಬಲದಿಂದ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ ಬಳೆ ಅದು, ಗಂಟೆಯ ಮೈಕಟ್ಟು. ನೆಲಕ್ಕೆ ಬೋರಲು ಹಾಕಿದರೆ ಸತ್ತ ಸದ್ದು. ನಡುವಿನ ತೂತಿಗೆ ಹಗ್ಗ ಪೋಣಿಸಿ ಅಂಚನ್ನು ಗಾಳಿಯಲ್ಲಿ ಬಿಟ್ಟರೆ ಒಳ್ಳೆಯ ತುಂಬುದನಿ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಸಂಗೀತ ಸಂಯೋಜಕರಾದ ಜಾನ್ ಕೇಜ್, ಲೂ ಹ್ಯಾರಿಸನ್ ಇಬ್ಬರೂ ಕಾರಿನ ಗುಜರಿಗಳಲ್ಲಿ ಬ್ರೇಕ್ ಡ್ರಮ್ ಬಡಿದು ಬಡಿದು ಆರಿಸುತ್ತಿದ್ದರು. ಹ್ಯಾರಿಸನ್ ಮುಂದೆ 1971ರಲ್ಲಿ ತನ್ನ ಸಂಗಾತಿ ವಿಲಿಯಂ ಕೋಲ್ವಿಗ್ ಜೊತೆ ಅಲ್ಯೂಮಿನಿಯಂ ಪಟ್ಟಿ, ಕಬ್ಬಿಣದ ಪೈಪು, ತಗಡಿನ ಡಬ್ಬ, ಕತ್ತರಿಸಿದ ಆಕ್ಸಿಜನ್ ಸಿಲಿಂಡರುಗಳಿಂದ ಇಂಡೋನೇಷ್ಯಾದ ಲೋಹವಾದ್ಯಗಳ ಮೇಳವಾದ ಗ್ಯಾಮೆಲಾನ್ ಮಾದರಿಯಲ್ಲಿ ಇಡೀ ಒಂದು ಮೇಳವನ್ನೇ ಕಟ್ಟಿದ. ಇಲ್ಲಿ ಒಂದು ಎಚ್ಚರಿಕೆ: ಸಿಲಿಂಡರು, ಪೆಟ್ರೋಲಿನದೋ ಥಿನ್ನರಿನದೋ ಬ್ಯಾರಲ್ಲು ಇವುಗಳನ್ನು ಮನೆಯಲ್ಲಿ ಕತ್ತರಿಸಲು ಹೋಗಬೇಡಿ. ಖಾಲಿ ಕಾಣುವ ಬ್ಯಾರಲ್ಲಿನಲ್ಲಿ ಉಳಿದ ಆವಿ ಗ್ರೈಂಡರಿನ ಒಂದು ಕಿಡಿಗೆ ಸಿಡಿಯುತ್ತದೆ.

ಬ್ಯಾರಲ್ ಅಂದಾಗ ಕೆರಿಬಿಯನ್ ದ್ವೀಪ ಟ್ರಿನಿಡಾಡ್ ನೆನಪಾಗದೆ ಇರದು. ಬ್ರಿಟಿಷರು ಚರ್ಮವಾದ್ಯಕ್ಕೆ ಅಡ್ಡಿ ಮಾಡಿದ ಮೇಲೆ ಅಲ್ಲಿನ ಜನ ಬಿದಿರು ಕುಟ್ಟಿದರು, ಆಮೇಲೆ ಬಿಸ್ಕತ್ತಿನ ಡಬ್ಬ, ಕೊನೆಗೆ 208 ಲೀಟರಿನ ಎಣ್ಣೆ ಬ್ಯಾರಲ್ಲಿನ ತಳವನ್ನು ತಟ್ಟಿ ತಗ್ಗಿಸಿ ಒಂದೇ ತಗಡಿನಲ್ಲಿ ಸಾಲು ಸ್ವರಗಳನ್ನು ಕೂರಿಸಿದರು. ಸ್ಟೀಲ್‌ಪ್ಯಾನ್ ಎಂಬ ಹೆಸರಿನ ಅದು ಇವತ್ತು ಆ ದೇಶದ ರಾಷ್ಟ್ರೀಯ ವಾದ್ಯ. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ಅದರ ದಿನವೆಂದು ಸಾರಿತು.

ಇಷ್ಟು ದೂರ ಹೋಗಿ ಬಂದವಳು ಉಚ್ಚಂಗಿದುರ್ಗದ ಜಾತ್ರೆಯಲ್ಲಿ ಚೌಡಿಕೆ ನೋಡಿ ಸುಮ್ಮನೆ ನಿಂತಿದ್ದೂ ಇದೆ. ಟೊಳ್ಳು ಮರದ ಕೊಳಗ, ಒಂದು ಬಾಯಿಗೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ. ಮೀಟುತ್ತ ತಂತಿಯ ಬಿಗಿ ಬದಲಿಸಿದರೆ ಸ್ವರ ಮಾತಿನ ಹಾಗೆ ಜಾರುತ್ತದೆ. ಚಿತ್ರದುರ್ಗದ ಕಡೆಯ ಉರುಮೆಯಲ್ಲಿ ಬಾಗಿದ ಕೋಲಿನಿಂದ ಚರ್ಮವನ್ನು ಬಡಿಯದೆ ಉಜ್ಜುತ್ತಾರೆ, ಆ ಹೂಂಕಾರ ಇನ್ಯಾವ ವಾದ್ಯದಿಂದಲೂ ಬಾರದು. ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಥೆ ಹಾಡುವಾಗ ಊದುವ ಗಣೆ ಆಳೆತ್ತರದ ಹತ್ತಿರ ಬರುವ ಬಿದಿರು. ಸೋರೆಬುರುಡೆ, ಆಡಿನ ಚರ್ಮ, ಬಿದಿರು, ಹುಣಸೆಕೊರಡು: ಸುತ್ತ ಏನಿತ್ತೋ ಅದೇ ವಾದ್ಯವಾಯಿತು. ಈಗ ನಮ್ಮ ಸುತ್ತ ಇರುವುದು ಪಿವಿಸಿ ಪೈಪು, 15 ಕಿಲೋದ ಎಣ್ಣೆಡಬ್ಬ, ಬೈಕಿನ ಚೈನು. ನಾನು ಮಾಡುವುದನ್ನು ಪ್ರಯೋಗ ಎಂದು ಕರೆಯುವವರಿಗೆ ಹೇಳುವುದಿಷ್ಟೇ: ಸಾಮಗ್ರಿ ಬದಲಾಗಿದೆ, ಪದ್ಧತಿ ಹಳೆಯದು. ಬದಲಾದದ್ದು ನಾವು, ವಾದ್ಯವನ್ನು ಅಂಗಡಿಯಿಂದ ತರಬೇಕು ಎಂದುಕೊಂಡುಬಿಟ್ಟಿದ್ದೇವೆ.

ನಾಟಕ ಕಂಪನಿಗಳ ಸೈಡ್ ವಿಂಗಿನಲ್ಲಿ ನಿಂತವರು ಇದನ್ನು ಮರೆತಿರಲಿಲ್ಲ. ದಾವಣಗೆರೆ ವೃತ್ತಿ ರಂಗಭೂಮಿಯ ಊರು, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕಗಳಲ್ಲಿ ಸಿಡಿಲು ಅಂದರೆ ಆಳುದ್ದದ ತಗಡನ್ನು ಮೇಲಿಂದ ನೇತುಹಾಕಿ ಕೆಳ ಅಂಚು ಹಿಡಿದು ಅಲುಗಿಸುವುದು. ಕುದುರೆ ಅಂದರೆ ಎರಡು ತೆಂಗಿನ ಚಿಪ್ಪು. ಮಳೆ ಅಂದರೆ ಮೊರದಲ್ಲಿ ಉರುಳುವ ಕಾಳು. ತಗಡಿನ ಸಿಡಿಲನ್ನು ನೀವು ಮನೆಯಲ್ಲೇ ಮಾಡಿನೋಡಿ: ತಗಡು ತೆಳ್ಳಗೆ, ದೊಡ್ಡದಾಗಿ ಇದ್ದಷ್ಟೂ ಗುಡುಗು ಆಳ. ಎರಡೂ ಕೈಯಲ್ಲಿ ಅಂಚು ಬಿಗಿದು ಹಿಡಿದರೆ ಸಿಡಿಲು ಬರುವುದಿಲ್ಲ, ಬರೀ ತಗಡು ಬರುತ್ತದೆ.

ಪಿವಿಸಿ ಪೈಪಿನ ವಿಷಯಕ್ಕೆ ಬಂದರೆ ನಮ್ಮ ಊರಿನ ಬಿಸಿಲೂ ಮಾತಾಡುತ್ತದೆ. ವೈರಿಂಗಿಗೆ ಬಳಸುವ ಪೈಪಿನ ಬಾಯಿಗೆ ಹವಾಯಿ ಚಪ್ಪಲಿಯಿಂದ ಬಡಿದು ಚಪ್ಪಲಿಯನ್ನು ಅಲ್ಲೇ ಒತ್ತಿ ಹಿಡಿದರೆ ಪೈಪು ಒಂದು ಕಡೆ ಮುಚ್ಚಿದಂತಾಗಿ ಕೆಳಗಿನ ಸ್ವರ, ಬಡಿದ ಕೂಡಲೇ ಎತ್ತಿಬಿಟ್ಟರೆ ಎರಡೂ ಕಡೆ ತೆರೆದಂತಾಗಿ ಒಂದು ಸ್ಥಾಯಿ ಮೇಲಿನ ಸ್ವರ. ಒಂದೇ ಪೈಪು, ಎರಡು ಸ್ವರ, ಎಲ್ಲ ಚಪ್ಪಲಿಯ ಕೈಚಳಕ. ಹಾರ್ಮೋನಿಯಂನ ಬಿಳಿ ಒಂದರ ಸ್ವರಕ್ಕೆ ಮುಚ್ಚಿದ ಪೈಪು ಸುಮಾರು 32 ಸೆಂಟಿಮೀಟರ್ ಬೇಕು. ಇದು ಗಾಳಿ 20 ಡಿಗ್ರಿ ಇದ್ದಾಗಿನ ಲೆಕ್ಕ, ಆಗ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಒಂದೊಂದು ಡಿಗ್ರಿ ಏರಿದಂತೆ ಆ ವೇಗ 0.6 ಮೀಟರಿನಷ್ಟು ಹೆಚ್ಚುತ್ತದೆ. ಡಿಸೆಂಬರಿನ ಬೆಳಿಗ್ಗೆ ಕತ್ತರಿಸಿದ ಪೈಪನ್ನು ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಬಡಿದರೆ ಹಾರ್ಮೋನಿಯಂನ ಪಕ್ಕದ ಕೀಲಿಗೆ ಇರುವ ದೂರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಮೇಲೇರಿರುತ್ತದೆ. ಪಕ್ಕದಲ್ಲಿಟ್ಟ ಕಬ್ಬಿಣದ ಕಂಬಿ ಅದೇ ಬಿಸಿಲಿಗೆ ಕೂದಲೆಳೆಯಷ್ಟು ಇಳಿದಿರುತ್ತದೆ. ಹೀಗಾಗಿ ನನ್ನ ಪೈಪುಗಳೂ ಕಂಬಿಗಳೂ ಜೊತೆಯಾಗಿ ಹಾಡುವುದು ಬೆಳಗಿನ ಹೊತ್ತು ಮಾತ್ರ. ಬೇಸಿಗೆಯಲ್ಲಿ ಅವು ಬೇರೆ ಬೇರೆ ಮನೆ ಮಾಡುತ್ತವೆ.

ಚಿತ್ರದುರ್ಗದ ದಾರಿ ಹಿಡಿದರೆ ಹೆದ್ದಾರಿಯ ಆಚೆಈಚೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅಲ್ಲಿ ಗಾಳಿಗೆ ಬರವಿಲ್ಲ ಎನ್ನುವುದಕ್ಕೆ ಅವೇ ಸಾಕ್ಷಿ. ನನಗೆ ಬೇಕಾದದ್ದು ಯಂತ್ರಗಳಲ್ಲ, ಅವುಗಳ ಬುಡದ ಹೊಲಗಳ ಬೇಲಿತಂತಿ. ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ಬೀಪ್ ಎನ್ನುವ ಬಜರ್‌ನಲ್ಲಿ ಹಿತ್ತಾಳೆಯ ತೆಳು ಬಿಲ್ಲೆಯೊಂದು ಇರುತ್ತದೆ, ನಡುವೆ ಬಿಳಿಯ ಸೆರಾಮಿಕ್. ಒತ್ತಡವನ್ನು ವಿದ್ಯುತ್ತಾಗಿಸುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡುಕೊಂಡರು. ಕೆಲವೇ ರೂಪಾಯಿಯ ಆ ಬಿಲ್ಲೆಗೆ ಎರಡು ತಂತಿ ಬೆಸೆದು ಬೇಲಿಗೆ ಬಿಗಿದು ಕಿವಿಗೆ ಹೆಡ್‌ಫೋನ್ ಹಾಕಿದರೆ ಬೇಲಿಯ ಒಳಗಿನದೆಲ್ಲ ಕೇಳಿಸುತ್ತದೆ. ಬಿಲ್ಲೆಯನ್ನು ನೇರ ಫೋನಿಗೆ ಚುಚ್ಚಿದರೆ ಕೀರಲು ದನಿ ಬರುವುದು; ಒಂದು ಮೆಗಾಓಮ್ ಮಟ್ಟದ ಪ್ರತಿರೋಧ ಇರುವ ಗಿಟಾರ್ ಆಂಪ್ಲಿಫೈಯರಿನಂಥದು ನಡುವೆ ಇದ್ದರೆ ಕೆಳಸ್ವರಗಳು ತುಂಬಿ ಬರುತ್ತವೆ.

ಗಾಳಿ ತಂತಿಯನ್ನು ದಾಟುವಾಗ ಅದರ ಹಿಂದೆ ಸುಳಿಗಳು ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ ಕಳಚುತ್ತವೆ. ಎಷ್ಟು ಬೇಗ ಕಳಚುತ್ತವೆ ಎನ್ನುವುದನ್ನು 1878ರಲ್ಲಿ ಭೌತವಿಜ್ಞಾನಿ ಸ್ಟ್ರೌಹಾಲ್ ಅಳೆದ: ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿ. ಎರಡು ಮಿಲಿಮೀಟರ್ ತಂತಿಗೆ ಸೆಕೆಂಡಿಗೆ ಐದು ಮೀಟರಿನ ಗಾಳಿ ಬೀಸಿದರೆ ಸುಮಾರು 500 ಹರ್ಟ್ಸ್. ಗಾಳಿ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೆ. ತಂತಿಯ ಬಿಗಿ ಇಲ್ಲಿ ಸ್ವರವನ್ನು ನಿರ್ಧರಿಸುವುದಿಲ್ಲ, ಗಾಳಿಯ ಸ್ವರ ತಂತಿಯ ಸ್ವಂತ ಸ್ವರಗಳಲ್ಲಿ ಒಂದಕ್ಕೆ ತಾಗಿದಾಗ ದನಿ ಏಕಾಏಕಿ ಉಬ್ಬುತ್ತದೆ ಅಷ್ಟೇ. ಶೇಂಗಾ ಹೊಲದ ಯಜಮಾನರಿಗೂ ಹೆಡ್‌ಫೋನ್ ಕೊಟ್ಟಿದ್ದೆ. ಬಹಳ ಹೊತ್ತು ಕೇಳಿ, "ಮೂರನೇ ಕಂಬ ಸಡ್ಲ ಆಗ್ಯದೆ" ಎಂದರು. ಹೋಗಿ ಅಲ್ಲಾಡಿಸಿದರೆ ನಿಜಕ್ಕೂ ಸಡಿಲ. ನಾನು ಸಂಗೀತ ಕೇಳುತ್ತಿದ್ದ ಕಡೆ ಅವರು ಬೇಲಿಯನ್ನೇ ಕೇಳಿದ್ದರು. ಆಮೇಲೆ ನಾನೂ ಆ ಕಂಬದ ಲಟಲಟವನ್ನು ಹಿಡಿಯಲು ಬಹಳ ಪ್ರಯತ್ನಪಟ್ಟೆ.

ದುರ್ಗದ ಬಂಡೆಗಳು ಮೊಳಗುತ್ತವೆಯೇ ಎಂದು ಅನೇಕರು ಕೇಳುತ್ತಾರೆ. ಕೋಟೆಯೊಳಗೆ ಯಾವುದನ್ನೂ ಬಡಿಯಲು ಹೋಗಬೇಡಿ, ಅದು ಸಂರಕ್ಷಿತ ಸ್ಮಾರಕ. ಹಂಪಿಯ ವಿಠ್ಠಲ ಗುಡಿಯ ಸಪ್ತಸ್ವರ ಕಂಬಗಳನ್ನೂ ಮುಟ್ಟಿ ನುಡಿಸುವಂತಿಲ್ಲ, ಬಡಿದೂ ಬಡಿದೂ ಅವು ಸವೆದಿವೆ. ಅದಿರಲಿ, ಮಣ್ಣಿನಲ್ಲಿ ಅರ್ಧ ಹೂತ ಬಂಡೆ ಹೇಗೂ ಮೊಳಗದು, ನೆಲವೇ ಅದರ ಮುಷ್ಟಿ. ಮೊಳಗುವ ಬಂಡೆ ನೋಡಬೇಕಾದರೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಿಗೆ ಹೋಗಬೇಕು. ಅಲ್ಲಿ ಗ್ರಾನೈಟನ್ನು ಸೀಳಿಕೊಂಡು ಬಂದ ಕಪ್ಪು ಡೋಲರೈಟ್ ಶಿಲೆಯ ಸಾಲಿದೆ, ಅದರ ಮೇಲೆ ನವಶಿಲಾಯುಗದವರು ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಕೆಲವು ಬಂಡೆಗಳಲ್ಲಿ ಏಟಿನಿಂದಾದ ಕುಳಿಗಳಿವೆ, ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಹೊರಡುತ್ತದೆ ಎಂದು ಪುರಾತತ್ವಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಬರೆದರು. ಇಂಥ ಬಂಡೆ ಬೇರೆ ಬಂಡೆಗಳ ಮೇಲೆ ಎರಡು ಮೂರು ಕಡೆ ಮಾತ್ರ ತಾಗಿ ಕೂತಿರಬೇಕು, ಉಳಿದ ಮೈಯೆಲ್ಲ ಗಾಳಿಗೆ ಬಿಟ್ಟಿರಬೇಕು. ನನ್ನ ಸ್ಪ್ಯಾನರಿಗೆ ಅನ್ವಯಿಸುವ ನಿಯಮವೇ ಇದು. ಕೈಯಲ್ಲಿ ಕಲ್ಲು ಹಿಡಿದು ಅಲ್ಲಿ ಮೊದಲು ಬಡಿದವರಿಗೆ ಕುರುಡು ಬಂಡೆ ಯಾವುದು, ಮಾತಾಡುವ ಬಂಡೆ ಯಾವುದು ಎಂದು ಬಡಿಯುತ್ತ ಬಡಿಯುತ್ತಲೇ ತಿಳಿದಿರಬೇಕು. ಕಲ್ಲುಗಣಿಯವರು ಆ ಗುಡ್ಡಗಳನ್ನು ಕಡಿದ ಬಗ್ಗೆ ಬರೆಯಲು ಕೂತರೆ ಇನ್ನೊಂದು ಬರಹವಾಗುತ್ತದೆ.

ಇಷ್ಟೆಲ್ಲ ಸದ್ದಿನ ಗುಣಗಾನ ಮಾಡುವಾಗ ನನ್ನನ್ನು ತಡೆಯುವುದು ನಮ್ಮ ಓಣಿಯ ಒಬ್ಬ ಹಿರಿಯರು. ಹತ್ತಿ ಮಿಲ್ಲುಗಳಿಂದಾಗಿ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದ ಕಾಲದಲ್ಲಿ ಅವರು ಮಗ್ಗದ ಶೆಡ್ಡಿನಲ್ಲಿದ್ದವರು. ಈಗ ಟಿ.ವಿ. ಎಷ್ಟು ಜೋರಿಟ್ಟರೂ ಸಾಲದು. ಇಟಲಿಯ ಚಿತ್ರಕಾರ ಲುಯಿಜಿ ರುಸೊಲೊ 1913ರಲ್ಲಿ ಪ್ರಣಾಳಿಕೆಯೊಂದನ್ನು ಬರೆದು, ಇನ್ನು ಮುಂದೆ ಯಂತ್ರಗಳ ಗದ್ದಲವೇ ಸಂಗೀತ ಎಂದು ಸಾರಿದ, ಗರ್ಜಿಸುವ ಪೆಟ್ಟಿಗೆಗಳನ್ನೂ ಮಾಡಿದ. ಅದನ್ನು ಓದುವಾಗ ಹುರುಪು ಬರುತ್ತದೆ. ಆದರೆ ಎಂಟು ತಾಸು 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನಾ ನಿಂತರೆ ಕಿವಿ ಸವೆಯುತ್ತದೆ, ಮಗ್ಗದ ಶೆಡ್ಡು ಅದಕ್ಕಿಂತ ಬಹಳ ಮೇಲೆ. ಗದ್ದಲವನ್ನು ಸಂಗೀತ ಎನ್ನುವ ಹಕ್ಕು ಎದ್ದು ಹೊರಗೆ ಹೋಗಬಲ್ಲವರಿಗೆ ಸುಲಭವಾಗಿ ಸಿಗುತ್ತದೆ. ಮಿಲ್ಲಿನ ಸದ್ದನ್ನು ನನ್ನ ಯಾವ ಜೋಡಣೆಯಲ್ಲೂ ಬಳಸಿಲ್ಲ, ಬಳಸುವ ಯೋಚನೆಯೂ ಇಲ್ಲ.

ಮಕ್ಕಳ ಜೊತೆ ಮಾತ್ರ ಈ ಹಿಂಜರಿಕೆ ಉಳಿಯುವುದಿಲ್ಲ. ಇಲ್ಲಿನ ಒಂದು ಸರ್ಕಾರಿ ಶಾಲೆಗೆ ಆಗಾಗ ಹೋಗುತ್ತೇನೆ. ಮನೆಯಿಂದ ಏನಾದರೂ ತನ್ನಿ, ಒಡೆಯುವಂಥದು ಮತ್ತು ಅಮ್ಮ ಬೈಯುವಂಥದು ಬೇಡ ಎಂದರೆ ಅವೆರಡೇ ಬರುತ್ತವೆ. ಬಟ್ಟಲುಗಳಿಗೆ ನೀರು ತುಂಬಿ ಬಡಿದವರು, ನೀರು ಹೆಚ್ಚಾದರೆ ಸ್ವರ ಇಳಿಯುತ್ತದೆ ಎನ್ನುತ್ತಾರೆ. ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದವರು, ನೀರು ಹೆಚ್ಚಾದರೆ ಏರುತ್ತದೆ ಎಂದು ಕೂಗುತ್ತಾರೆ. ಇಬ್ಬರೂ ಸರಿ. ಬಡಿದಾಗ ಅದುರುವುದು ಬಟ್ಟಲಿನ ಗೋಡೆ, ನೀರು ಅದಕ್ಕೆ ಭಾರ; ಊದಿದಾಗ ಅದುರುವುದು ಒಳಗಿನ ಗಾಳಿ, ನೀರು ಅದರ ಜಾಗವನ್ನು ಕಿರಿದು ಮಾಡುತ್ತದೆ. ಇದನ್ನು ಹೇಳಿಕೊಡುವುದಕ್ಕಿಂತ ಅವರ ಜಗಳ ಕೇಳುವುದು ಚೆನ್ನ.

ಒಬ್ಬಳು ಹುಡುಗಿ ಕಬ್ಬಿಣದ ದೊಡ್ಡ ಜರಡಿ ಹೊತ್ತು ತಂದಳು. ಅವಳಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು, ಅರಳಿದ ತಕ್ಷಣ ಜರಡಿಗೆ ಬಾಚಿ ಮರಳು ಉದುರಿಸುವ ಕೆಲಸ. ಯಂತ್ರ ಬಂದ ಕಡೆ ಈ ಕೈ ಇಲ್ಲ, ಅವರ ಭಟ್ಟಿಯಲ್ಲಿ ಇನ್ನೂ ಇದೆ. ಹುಡುಗಿಗೆ ಆ ಲಯ ಬಾಯಿಪಾಠ: ಸಟುಗದ ಎರಡು ಉಜ್ಜು, ಬಾಣಲೆಯ ಅಂಚಿಗೆ ಒಂದು ಬಡಿತ, ಆಮೇಲೆ ಜರಡಿಯ ಜಗ್ಗು. ಉಳಿದವರನ್ನು ಡಬ್ಬ, ಸ್ಪ್ಯಾನರು, ಪೈಪುಗಳೊಂದಿಗೆ ಕೂರಿಸಿ ಅವಳೇ ಕಲಿಸಿದಳು. ಜರಡಿಗೆ ಹಿಡಿ ಮರಳು ಹಾಕಿಕೊಂಡು ಎದೆಗೆ ಆನಿಸಿ ಅಲುಗಿಸುತ್ತಿದ್ದಳು.

ಶಾಲೆ ಬಿಡುವ ಹೊತ್ತಿಗೆ ಜರಡಿ ವಾಪಸ್ ಒಯ್ಯಲು ಅವಳಪ್ಪ ಬಂದರು, ಬಾಗಿಲಲ್ಲೇ ನಿಂತು ಕೇಳಿದರು. ಚೆನ್ನಾಗಿದೆ ಎನ್ನುತ್ತಾರೆಂದು ಎಲ್ಲರೂ ಅವರ ಮುಖ ನೋಡುತ್ತಿದ್ದರೆ, "ಬಡಿಯೋದು ಉಜ್ಜಿ ಮುಗಿದ್ಮ್ಯಾಲಲ್ಲ, ಉಜ್ಜೋದ್ರ ನಡಕ ಬರ್ತೈತಿ. ಮರಳು ಅಂಚಿಗೆ ಹತ್ತಿರ್ತೈತಲ್ಲ, ಅದಕ್ಕ" ಎಂದರು. ಬಂದು ಮಗಳ ಕೈಯಿಂದ ಜರಡಿ ತೆಗೆದುಕೊಂಡು, ಮೈಗೆ ತಾಗಿಸದೆ ಎರಡು ಕಡೆ ಬರೀ ಬೆರಳ ತುದಿಯಲ್ಲಿ ಹಿಡಿದು ಒಂದು ಸಲ ಜಗ್ಗಿದರು. ಮರಳು ಇಡೀ ಜಾಲರಿಯ ಮೇಲೆ ಒಂದೇ ಉಸಿರಿಗೆ ಹರಿದು ಉದುರಿತು, ಚೌಕಟ್ಟಿನ ಕಬ್ಬಿಣ ಹಿಂದಿನಿಂದ ಸಣ್ಣಗೆ ಮೊಳಗಿತು. ಅವಳು ಹಿಡಿದಾಗ ಆ ಮೊಳಗು ಇರಲೇ ಇಲ್ಲ. ಯಾಕೆ ಹಾಗೆ ಹಿಡಿಯುವುದು ಎಂದು ನಾನು ಕೇಳಿದೆ. "ಬಿಸಿ ಇರ್ತದಲ್ರೀ" ಎಂದರು. ಮಕ್ಕಳು ಹೊಸ ಲಯಕ್ಕೆ ಮತ್ತೆ ಶುರುಮಾಡಿದರು, ಬಾಣಲೆಯ ಪಾಲಿನ ಹುಡುಗ ಎರಡನೇ ಸುತ್ತಿಗೇ ತಪ್ಪಿದ. ಅಪ್ಪ ಜರಡಿ ಕೆಳಗಿಟ್ಟು ಅವನ ಪಕ್ಕ ಕೂತು ಡಬ್ಬ ಎಳೆದುಕೊಂಡರು, ನಾಳೆ ಬೇಕಾದರೆ ಸಟುಗವನ್ನೂ ತರುತ್ತೇನೆ, ಆದರೆ ಬೆಳಿಗ್ಗೆ ಭಟ್ಟಿ ಇರುತ್ತದೆ, ಹನ್ನೊಂದರ ಮೇಲೆ ಇಟ್ಟುಕೊಳ್ಳಿ ಎಂದರು.